ದನಿಗೊಂದು ಜವಾರಿ

ನಮ್ಮ ಧಾರವಾಡ ಕಡೆ ಜವಾರಿ ಅಂದ್ರೆ ನಾಟಿ. ಜವಾರಿ ಕೋಳಿ, ಜವಾರಿ ಸೌತಿಕಾಯಿ, ಸಿಟ್ಟು ಬಂದ್ರೆ ಜವಾರಿ ಮಾತು. ಸಂಗೀತಗಾರರಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಇದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಸಿಕ್ಕಿಸಿ, ಅದನ್ನು ಹಿಂದೆ ಮುಂದೆ ಸರಿಸಿ ತಂತಿ ಝೇಂಕರಿಸುವಂತೆ ಮಾಡ್ತಾರಲ್ಲ, ಅದು ಜವಾರಿ. ತಂತಿ ಕುದುರೆಯ ಬಾಗಿದ ಮೈಯನ್ನು ಸವರುತ್ತಾ ಕಂಪಿಸುವಾಗ ಮೂಲ ಸ್ವರದ ಜೊತೆ ಮೇಲಿನ ಸ್ವರಗಳೂ ಎದ್ದು ಬರುತ್ತವೆ. ತಂಬೂರಿ, ವೀಣೆಗಳ ಈ ಗುಣದ ಬಗ್ಗೆ ಸಿ.ವಿ. ರಾಮನ್ 1921ರಲ್ಲೇ ಪ್ರಬಂಧ ಬರೆದಿದ್ದರು. ನೂಲು ತೆಗೆದ್ರೆ ತಂಬೂರಿ ನುಡಿಯುತ್ತೆ, ಆದ್ರೆ ಸಪ್ಪಗೆ.

ಹಗಲು ಕೋಡ್ ಬರೆದು, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಹಾಡು ಮಿಕ್ಸ್ ಮಾಡೋ ನನ್ನಂಥವರಿಗೆ ಈ ನೂಲಿನ ಕೆಲಸ ಮಾಡಿಕೊಡೋದು ಸ್ಯಾಚುರೇಷನ್ ಪ್ಲಗಿನ್. ಹಳೇ ಟೇಪಿಗೆ, ವಾಲ್ವ್ ಆಂಪ್ಲಿಫೈಯರಿಗೆ ಅದು ತಡೆಯುವುದಕ್ಕಿಂತ ಕೊಂಚ ಜೋರಾಗಿ ಸದ್ದು ಕೊಟ್ರೆ ಅಲೆಯ ತುದಿ ಮೆತ್ತಗೆ ಚಪ್ಪಟೆಯಾಗುತ್ತೆ. ಹಾಗಾದಾಗ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಷಡ್ಜ 220 ಹರ್ಟ್ಸ್ ಅಂದ್ಕೊಳ್ಳಿ. ಎರಡನೇ ಹಾರ್ಮೋನಿಕ್ 440, ಅಂದ್ರೆ ಮೇಲಿನ ಷಡ್ಜ. ಮೂರನೇದು 660, ಮೇಲಿನ ಪಂಚಮ. ಕಿವಿಗೆ ದನಿ ತುಂಬಿಕೊಂಡಂತೆ, ಬೆಚ್ಚಗಾದಂತೆ ಅನ್ನಿಸೋದು ಇದರಿಂದಲೇ. ಲೆಕ್ಕದ ಪ್ರಕಾರ ಇದು ಡಿಸ್ಟಾರ್ಷನ್. ಎಂಜಿನಿಯರುಗಳು ವರ್ಷಗಟ್ಟಲೆ ಒದ್ದಾಡಿ ಹೊರಗೆ ಹಾಕಿದ ಕೊಳೆಯನ್ನ ನಾವೀಗ ಕೋಡ್ ಬರೆದು ವಾಪಸ್ ಕರೀತಿದೀವಿ!

ಹೋದ ನಾಗರಪಂಚಮಿಗೆ ಅವ್ವನ ಜೋಕಾಲಿ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅವ್ವಗೆ ಈಗ 68. ಜೊತೆಗೆ ಹಾಡ್ತಿದ್ದ ಓರಗೆಯವರು ಒಬ್ಬೊಬ್ಬರೇ ಹೋಗಿಬಿಟ್ಟರು. ಈ ಪದಗಳು ಪೂರ್ತಿ ಬರೋದು ನಮ್ಮ ಓಣಿಯಲ್ಲಿ ಆಕೆಯೊಬ್ಬಳಿಗೇ. ತಂಗಿಯ ಮಗಳು ಮುಂದೆ ಕಲಿತರೆ ಈ ಫೈಲ್ ಕೇಳಿಯೇ ಕಲೀಬೇಕು. ಫೋನಿನಲ್ಲೋ, ದನಿ ತಗಡಿನಂಗೆ ತೆಳ್ಳಗೆ ಬಂದಿತ್ತು. ಹಾಗಾಗಿ ಎಷ್ಟು ಬೆಚ್ಚಗೆ ಮಾಡಬೇಕು ಅನ್ನೋದು ನನಗೆ ಬರೀ ರುಚಿಯ ಪ್ರಶ್ನೆ ಆಗಿರಲಿಲ್ಲ.

ಮೊದಲು ಈಕ್ಯೂ ಹಾಕಿ ಫ್ಯಾನಿನ ಗುಂಯ್‌ಗುಟ್ಟುವಿಕೆ ತಗ್ಗಿಸಿದೆ. ಸ್ಯಾಚುರೇಷನ್‌ಗೆ ದನಿ ಯಾವುದು, ಗದ್ದಲ ಯಾವುದು ಗೊತ್ತಿಲ್ಲ, ಎರಡನ್ನೂ ದಪ್ಪ ಮಾಡುತ್ತೆ. ಆಮೇಲೆ ಸಾಫ್ಟ್‌ಟ್ಯೂಬ್‌ನವರ ‘ಸ್ಯಾಚುರೇಷನ್ ನಾಬ್’. ದುಡ್ಡು ಕೊಡಬೇಕಿಲ್ಲ, ಒಂದೇ ದೊಡ್ಡ ನಾಬ್. ಅದರಲ್ಲಿ ‘ಕೀಪ್ ಹೈ’ ಆರಿಸಿದ್ರೆ ಮೇಲಿನ ಫ್ರೀಕ್ವೆನ್ಸಿಗಳ ತಂಟೆಗೆ ಹೋಗಲ್ಲ, ಸ-ಶಗಳು ಕಿವಿಗೆ ಚುಚ್ಚಲ್ಲ. ಇಲ್ಲೊಂದು ಎಚ್ಚರ. ನಾಬ್ ತಿರುವಿದಂತೆ ಸದ್ದೂ ಜೋರಾಗುತ್ತೆ, ಜೋರಾಗಿದ್ದನ್ನೆಲ್ಲ ಕಿವಿ ಚೆಂದ ಅಂತ ನಂಬಿಬಿಡುತ್ತೆ. ಮಟ್ಟ ಇಳಿಸಿ ಮೊದಲಿನಷ್ಟೇ ಮಾಡಿಕೊಂಡು, ಬೈಪಾಸ್ ಒತ್ತಿ ಒತ್ತಿ ಹೋಲಿಸಬೇಕು. ಇದು ಅಡುಗೆಯ ಉಪ್ಪಿನಂಗೆ. ಇದ್ದಾಗ ಗೊತ್ತಾಗಬಾರದು, ತೆಗೆದಾಗ ಗೊತ್ತಾಗಬೇಕು.

ಮೂರನೇ ಪದದಲ್ಲಿ, ಮೇಲಿನ ಸ್ವರಕ್ಕೆ ಹೋದಾಗ ಅವ್ವನ ದನಿ ಒಡೆಯುತ್ತೆ. ನಾಬ್ ಇನ್ನಷ್ಟು ತಿರುವಿದ್ರೆ ಆ ಬಿರುಕು ದಪ್ಪದಲ್ಲಿ ಮುಚ್ಚಿಹೋಗುತ್ತೆ. ಹಗುರವಾಗಿ ಹಾಕಿದ್ದೊಂದು, ಬಿರುಕು ಮುಚ್ಚಿದ್ದೊಂದು, ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸಿದೆ. ರಾತ್ರಿ ಫೋನ್ ಬಂತು.

“ಎರಡನೇದ್ರಾಗ ನನ್ನ ದನಿಗೆ ಎಣ್ಣಿ ಹಚ್ಚೀಯೇನ?”

“ಯಾಕವ್ವಾ, ಚೊಲೊ ಕೇಳ್ಸವಲ್ದೇನು?”

“ಕೇಳ್ಸತೈತಿ. ಆದ್ರ ಅಲ್ಲಿ ನನಗ ದಮ್ಮ ಹಿಡದಿತ್ತಲಾ, ಅದು ಎಲ್ಲಿ ಹೋತು?”

ಹಗುರವಾಗಿದ್ದನ್ನೇ ಉಳಿಸಿದೆ. ಸ್ಯಾಚುರೇಷನ್ ಇರುವ ದನಿಯಿಂದಲೇ ಅದರ ಮೇಲಿನ ಸ್ವರಗಳನ್ನು ಎಬ್ಬಿಸುತ್ತೆ, ಅಷ್ಟು ಸಾಕು. ಅದರ ಕೈಲಿ ವಯಸ್ಸನ್ನ ಮುಚ್ಚಿಸೋಕೆ ಹೊರಟ್ರೆ ದನಿಯ ಒಡೆಯರೇ ಕೇಳ್ತಾರೆ.

ನಿಮ್ಮ ಮನೇಲೂ ಹಾಡೋರೊಬ್ಬರು ಇದ್ರೆ ಪ್ಲಗಿನ್ ಹುಡುಕೋದು ಆಮೇಲೆ ಇರಲಿ, ಮೊದಲು ರೆಕಾರ್ಡ್ ಮಾಡ್ಕೊಳ್ಳಿ. ಅವ್ವನ ಹತ್ರ ಇನ್ನೂ ನಾಲ್ಕು ಪದ ಬಾಕಿ ಇವೆ. ದೀಪಾವಳಿ ರಜೆಗೆ ಬಸ್ ಟಿಕೆಟ್ ಬುಕ್ ಆಗಿದೆ.