ಪೂರ್ಣ ಕೇಳದೆ ಇತ್ತ ತೀರ್ಪು



ಪರರ ದೋಷವನ್ನು ಎತ್ತಿ ತೋರುವುದು ಸುಲಭ. ಈ ಸಲ ನಮ್ಮದೇ ದೋಷವೊಂದನ್ನು ನಿಮ್ಮ ಮುಂದಿಡಬೇಕೆಂದು ಲೇಖನಿ ಹಿಡಿದಿದ್ದೇವೆ.

ಕೆಲವು ವರ್ಷಗಳ ಹಿಂದೆ, ಬಸವ ಜಯಂತಿಯ ಮರುದಿನ, ಭಕ್ತರೊಬ್ಬರು ತಮ್ಮ ಮೊಬೈಲಿಗೆ ಬಂದ ವಿಡಿಯೋ ತುಣುಕೊಂದನ್ನು ನಮಗೆ ತೋರಿಸಿದರು. ನೆರೆಯೂರಿನ ಉಪನ್ಯಾಸಕರೊಬ್ಬರು ವೇದಿಕೆಯ ಮೇಲೆ ನಿಂತು, ಕಾಯಕ ತತ್ತ್ವವೆಂಬುದು ಬಡವರನ್ನು ದುಡಿಮೆಗೆ ಕಟ್ಟಿಹಾಕುವ ಉಪಾಯವೆಂದು ಹೇಳುತ್ತಿದ್ದರು. ತುಣುಕು ಒಂದು ನಿಮಿಷವನ್ನೂ ಮೀರಿರಲಿಲ್ಲ. ಅಂದು ಸಂಜೆಯೇ ಶಿವಾನುಭವ ಗೋಷ್ಠಿಯಲ್ಲಿ ನಾವು, ಇಂಥವರಿಗೆ ವೇದಿಕೆ ಕೊಡುವುದು ತರವಲ್ಲವೆಂದು ನುಡಿದೆವು. ಆ ನುಡಿಯನ್ನೂ ಯಾರೋ ಚಿತ್ರೀಕರಿಸಿ ಹರಿಯಬಿಟ್ಟರು. ವಾರದೊಳಗೆ ಅವರು ಒಪ್ಪಿಕೊಂಡಿದ್ದ ಉಪನ್ಯಾಸಗಳೆಲ್ಲ ರದ್ದಾದವು. ಅವರ ಮನೆಯ ಚಿತ್ರವೂ ಮಗಳು ಓದುವ ಕಾಲೇಜಿನ ಹೆಸರೂ ಸಾಮಾಜಿಕ ಜಾಲತಾಣಗಳಲ್ಲಿ ಕಾಣಿಸಿಕೊಂಡವು.

ಎರಡು ತಿಂಗಳ ತರುವಾಯ ಆ ಭಾಷಣದ ಪೂರ್ಣ ಧ್ವನಿಮುದ್ರಣ ನಮ್ಮ ಕೈಸೇರಿತು. ಕೇಳುತ್ತ ಕುಳಿತಂತೆ ನಮ್ಮ ತಲೆ ತಾನಾಗಿ ತಗ್ಗಿತು. ಆ ಮಾತು ಅವರದಾಗಿರಲಿಲ್ಲ. ಆಕ್ಷೇಪಿಸುವವರ ವಾದವನ್ನು ಮೊದಲು ಮಂಡಿಸಿ, ಆಮೇಲೆ ಅರ್ಧ ಗಂಟೆ ಅದನ್ನು ಎಳೆಯೆಳೆಯಾಗಿ ಖಂಡಿಸಿದ್ದರು. ಜನರು ಹಂಚಿಕೊಂಡದ್ದು ಪೂರ್ವಪಕ್ಷವನ್ನು. ಸಿದ್ಧಾಂತವನ್ನು ಕತ್ತರಿಸಿ ಬಿಸುಟಿದ್ದರು. ಪಾಠಶಾಲೆಯಲ್ಲಿ ತರ್ಕವನ್ನೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿದ ನಮಗೆ ಪೂರ್ವಪಕ್ಷವೆಂದರೇನೆಂಬುದು ತಿಳಿದಿರಲಿಲ್ಲವೇ? ತಿಳಿದಿತ್ತು. ಕೇಳುವ ತಾಳ್ಮೆ ಇರಲಿಲ್ಲ, ಅಷ್ಟೆ.

ಮರುದಿನವೇ ಅವರ ಮನೆಗೆ ಹೋದೆವು. ಅವರ ಮನೆಯವರು ಪಾದಪೂಜೆಗೆಂದು ನೀರು ತಂದರು; ನಾವು ತಡೆದೆವು. ನಮ್ಮಿಂದ ತಪ್ಪಾಯಿತೆಂದು ಹೇಳಿದಾಗ ಆ ಉಪನ್ಯಾಸಕರು ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಾರ, ತಾವು ಮನೀತನಕ ಬಂದ್ರಿ, ದೊಡ್ಡ ಮಾತು. ಆದ್ರ ಆ ಮಾತು ಊರೂರಿಗೆ ಹೋಗೇತ್ರಿ. ಅದನ್ನ ತಿರುಗಿ ಕರಕೊಂಡು ಬರೋರು ಯಾರು?” ಎಂದರು. ಮುಂದಿನ ಗೋಷ್ಠಿಯಲ್ಲಿ, ಅದೇ ವೇದಿಕೆಯಿಂದ, ಕ್ಷಮೆ ಕೇಳಿದೆವು. ಅದನ್ನು ಹಂಚಿಕೊಂಡವರು ಕೆಲವರೇ. ಹಳೆಯ ತುಣುಕು ಮಾತ್ರ ಇಂದಿಗೂ ಆಗಾಗ ತಲೆಯೆತ್ತುತ್ತದೆ.

ಈ ವೇಗ ಎಲ್ಲಿಂದ ಬಂತು? ಪರರ ಮಾತನ್ನು ಒಂದೇ ಒತ್ತಿಗೆ ಮರುಪ್ರಸಾರ ಮಾಡುವ ಗುಂಡಿಯನ್ನು ಟ್ವಿಟ್ಟರ್ 2009ರಲ್ಲಿ ಅಳವಡಿಸಿತು. ಅದನ್ನು ರೂಪಿಸಿದ ಕ್ರಿಸ್ ವೆದರೆಲ್ ಎಂಬುವರು, ನಾಲ್ಕು ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕನ್ನು ಕೊಟ್ಟಂತಾಯಿತೇನೋ ಎಂದು 2019ರಲ್ಲಿ ಮರುಗಿದರು. ಶರಣರು ನಡೆದಾಡಿದ ಬೀದರ ಜಿಲ್ಲೆಯ ಮುರ್ಕಿಯಲ್ಲಿಯೇ 2018ರ ಜುಲೈ ತಿಂಗಳಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಹಬ್ಬಿ, ನಿರಪರಾಧಿ ತರುಣನೊಬ್ಬನು ಗುಂಪಿನ ಹೊಡೆತಕ್ಕೆ ಪ್ರಾಣ ತೆತ್ತನು. ಮಾನ ತೆಗೆಯುವ ಗುಂಪಿಗೂ ಪ್ರಾಣ ತೆಗೆಯುವ ಗುಂಪಿಗೂ ಅಂತರ ನಾವು ಎಣಿಸಿದಷ್ಟು ದೊಡ್ಡದಲ್ಲ. ಎರಡಕ್ಕೂ ಕಿವಿಯಿಲ್ಲ.

ವಿದ್ಯಾರ್ಥಿದೆಸೆಯಲ್ಲಿ ಓದಿದ ಗ್ರೀಕರ ಪ್ರಸಂಗವೊಂದು ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು. ಅಥೆನ್ಸ್ ನಗರದಲ್ಲಿ ಪ್ರಜೆಗಳು ಮಡಕೆಯ ಚೂರಿನ ಮೇಲೆ ಒಬ್ಬನ ಹೆಸರನ್ನು ಗೀಚಿ ಅವನನ್ನು ಗಡೀಪಾರು ಮಾಡುವ ಪದ್ಧತಿಯಿತ್ತು. ಕ್ರಿ.ಪೂ. 482ರ ಸುಮಾರಿಗೆ ನ್ಯಾಯವಂತನೆಂದು ಖ್ಯಾತನಾದ ಅರಿಸ್ಟೈಡಿಸನ ಸರದಿ ಬಂತು. ಅಕ್ಷರ ಬಾರದ ಹಳ್ಳಿಗನೊಬ್ಬನು, ಅರಿಸ್ಟೈಡಿಸನೆಂದು ಅರಿಯದೆ ಅವನ ಕೈಗೇ ಚೂರನ್ನು ಕೊಟ್ಟು ಆ ಹೆಸರನ್ನು ಬರೆದುಕೊಡೆಂದನಂತೆ. ಅವನೇನು ಕೇಡು ಮಾಡಿದನೆಂದು ಕೇಳಲು, ಏನೂ ಇಲ್ಲ, ಎಲ್ಲೆಲ್ಲೂ ಅವನನ್ನು ನ್ಯಾಯವಂತನೆನ್ನುವುದನ್ನು ಕೇಳಿ ಕೇಳಿ ಬೇಸರವಾಗಿದೆ ಎಂದನಂತೆ. ಅರಿಸ್ಟೈಡಿಸನು ಮರುಮಾತಿಲ್ಲದೆ ಬರೆದುಕೊಟ್ಟನೆಂದು ಪ್ಲುಟಾರ್ಕನು ಹೇಳುತ್ತಾನೆ. ಆದರೆ ಗಮನಿಸಿರಿ: ಆ ಶಿಕ್ಷೆಗೂ 10 ವರ್ಷಗಳ ಮಿತಿಯಿತ್ತು, ಆಸ್ತಿ ಉಳಿಯುತ್ತಿತ್ತು, ಮರಳುವ ದಾರಿಯಿತ್ತು. ಪಾರಸಿಕರ ದಂಡಯಾತ್ರೆಯ ಕಾಲಕ್ಕೆ ಅರಿಸ್ಟೈಡಿಸನನ್ನು ಜನರೇ ಮರಳಿ ಕರೆಸಿಕೊಂಡರು. ಇಂದಿನ ಚೂರಿಗೆ ಅವಧಿಯೂ ಇಲ್ಲ, ಮರಳುವ ದಾರಿಯೂ ಇಲ್ಲ.

ಹಾಗಾದರೆ ತಪ್ಪನ್ನು ಬಹಿರಂಗವಾಗಿ ಹೇಳಲೇಬಾರದೇ ಎಂದು ವಾಚಕರು ಕೇಳಬಹುದು. ನಮ್ಮ ಅಭಿಪ್ರಾಯ ಹಾಗಲ್ಲ. 2018ರಲ್ಲಿ ‘ಮೀ ಟೂ’ ಎಂದು ನಮ್ಮ ದೇಶದ ಅನೇಕ ಹೆಣ್ಣುಮಕ್ಕಳು ಬಾಯಿ ತೆರೆದದ್ದು, ಬೇರೆಲ್ಲಿಯೂ ಅವರ ಮಾತನ್ನು ಕೇಳುವವರಿಲ್ಲದಿದ್ದುದರಿಂದ. ನೊಂದವರ ಪ್ರಶ್ನೆಗೆ ಅಧಿಕಾರಿಗಳು ಹೊರತಲ್ಲ, ಮಠಗಳೂ ಹೊರತಲ್ಲ. ನೊಂದವರು ಕೂಗುವುದು ಬೇರೆ. ನೋವನ್ನೂ ಅರಿಯದ, ಸಂಗತಿಯನ್ನೂ ಅರಿಯದ ಸಾವಿರ ಜನರು ಕಲ್ಲೆತ್ತಿಕೊಳ್ಳುವುದು ಬೇರೆ.

ಪ್ರಶ್ನಿಸುವ ರೀತಿಯನ್ನು ನಮ್ಮ ಪರಂಪರೆಯೇ ತೋರಿಸಿಕೊಟ್ಟಿದೆ. 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯನ್ನು ನೋಡಿರಿ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ್ದು ಮೃದುವಾಗಿಯಲ್ಲ. ನಿನ್ನ ಗಂಡನಾರೆಂದು ಕೇಳಿದರು. ಉಡುಗೆ ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಕೇಳಿದರು. ಆದರೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು. ಪ್ರತಿ ಪ್ರಶ್ನೆಯ ಅನಂತರ ಅವಳ ಉತ್ತರಕ್ಕಾಗಿ ಕಾದರು. ಉತ್ತರ ಪೂರ್ಣವಾದಾಗ ಪ್ರಭುಗಳೂ ನೆರೆದ ಶರಣರೂ ಅವಳಿಗೆ ತಲೆಬಾಗಿದರು. ಅಂಥ ಸಭೆಯ ವಾರಸುದಾರರೆಂದು ಹೇಳಿಕೊಳ್ಳುವ ನಾವು, ಒಂದು ನಿಮಿಷದ ತುಣುಕಿಗೆ ಒಬ್ಬ ಮನುಷ್ಯನನ್ನು ಬಲಿಗೊಟ್ಟೆವು.

ಅಂದಿನಿಂದ ನಾವು ಒಂದು ನೇಮವನ್ನು ಹಿಡಿದಿದ್ದೇವೆ. ಯಾರ ಮಾತನ್ನು ಪೂರ್ಣವಾಗಿ ಕೇಳಿಲ್ಲವೋ ಅವರ ಬಗ್ಗೆ ವೇದಿಕೆಯಿಂದ ಒಂದು ನುಡಿಯನ್ನೂ ಆಡುವುದಿಲ್ಲ. ಸದ್ಭಕ್ತರೇ, ಈಗ ನಿಮ್ಮ ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ವೇದಿಕೆಯಿದೆ. ಈ ನೇಮ ನಿಮಗೂ ಸಲ್ಲುತ್ತದೆ.

ಆ ಉಪನ್ಯಾಸಕರನ್ನು ಪ್ರತಿವರ್ಷ ಬಸವ ಜಯಂತಿಗೆ ನಮ್ಮ ಮಠಕ್ಕೆ ಆಹ್ವಾನಿಸುತ್ತಿದ್ದೇವೆ. ಅವರು ಇನ್ನೂ ಬಂದಿಲ್ಲ. ಬರಲೇಬೇಕೆಂದು ಒತ್ತಾಯಿಸುವ ಅಧಿಕಾರ ನಮಗಿಲ್ಲ. ಮುಂದಿನ ವರ್ಷವೂ ಪತ್ರ ಬರೆಯುತ್ತೇವೆ.