ಪಕ್ಕೆಲುಬಿನ ಹೊಗೆ ಮತ್ತು ನೆರೆಮನೆಯ ಹಕ್ಕು

ದುಲ್‌ಹಜ್ಜ್ ತಿಂಗಳ 11, 12 ಮತ್ತು 13ನೇ ದಿನಗಳನ್ನು ನಾವು ‘ಅಯ್ಯಾಮುತ್ತಶ್ರೀಕ್’ ಎನ್ನುತ್ತೇವೆ. ಆ ದಿನಗಳ ತಕ್ಬೀರ್ ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ಆ ಹೆಸರು ಎಲ್ಲಿಂದ ಬಂತೆಂದು ವಿಚಾರಿಸಿದವರು ಕಡಿಮೆ. ಭಾಷಾ ವಿದ್ವಾಂಸರು ನೀಡುವ ಒಂದು ವಿವರಣೆಯಂತೆ, ಬಲಿಮಾಂಸವನ್ನು ಸೀಳಿ ಬಿಸಿಲಿಗೆ ಹರಡಿ ಒಣಗಿಸುವುದೇ ‘ತಶ್ರೀಕ್’. ಹಾಗೆ ಒಣಗಿದ ಮಾಂಸ ‘ಕದೀದ್’. ತಮ್ಮೆದುರು ನಿಂತು ನಡುಗುತ್ತಿದ್ದ ವ್ಯಕ್ತಿಯೊಬ್ಬನನ್ನು ಸಮಾಧಾನಪಡಿಸುವಾಗ ಪ್ರವಾದಿವರ್ಯರು(ಸ) ತಾವು ಅರಸರಲ್ಲ, ಕದೀದ್ ತಿನ್ನುತ್ತಿದ್ದ ಮಹಿಳೆಯೊಬ್ಬರ ಮಗನೆಂದು ಹೇಳಿಕೊಂಡ ವರದಿ ಇಬ್ನು ಮಾಜಃದಲ್ಲಿದೆ. ಅದು ಸಾಮಾನ್ಯರ ಮನೆಯ ಆಹಾರವಾಗಿತ್ತು.

ಅರೇಬಿಯದ ಬಿಸಿಲು ನಮ್ಮ ಕೋಡಿಗೆ ಬರುವುದಿಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹಿನ್ನೀರು, ನಡುವೆ ಒಂದು ಪಟ್ಟಿ ಮರಳುನೆಲ. ಮಳೆಗಾಲದಲ್ಲಿ ಇಲ್ಲಿ ಒಗೆದ ಬಟ್ಟೆಯೇ ಒಣಗದು, ಇನ್ನು ಮಾಂಸದ ಮಾತೆಲ್ಲಿ! ಆದ್ದರಿಂದ ನಮ್ಮ ಹಿರಿಯರು ಬಿಸಿಲಿಗೆ ಬದಲಾಗಿ ಒಲೆಯನ್ನು ನಂಬಿದರು. ಮನೆಗೆ ಫ್ರಿಜ್ ಬರುವ ಮುಂಚೆ ನನ್ನ ಉಮ್ಮ ಆಡಿನ ಪಕ್ಕೆಲುಬುಗಳಿಗೆ ಉಪ್ಪು, ಅರಿಶಿನ ಸವರಿ, ತೆಂಗಿನ ನಾರಿನ ಹಗ್ಗಕ್ಕೆ ಪೋಣಿಸಿ ಒಲೆಯ ಮೇಲ್ಗಡೆ ತೂಗುಹಾಕುತ್ತಿದ್ದರು. ಎಲುಬಿಗಂಟಿದ ಮಾಂಸ ತೆಳುವಾದುದರಿಂದ ಹೊಗೆ ಬೇಗ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ದಪ್ಪ ತುಂಡುಗಳನ್ನು ಅವರು ಎಂದೂ ತೂಗುಹಾಕಿದವರಲ್ಲ. ಅವು ಅಂದೇ ಹಂಚಿ ಹೋಗುತ್ತಿದ್ದವು.

ಇಂದಿಗೂ ಪಕ್ಕೆಲುಬಿಗೆ ಅಷ್ಟೇನೂ ಗಿರಾಕಿಗಳಿಲ್ಲ. ಸಂಜೆಯ ಹೊತ್ತಿಗೆ ಮಾಂಸದಂಗಡಿಯಲ್ಲಿ ತೊಡೆ, ಭುಜಗಳು ಖಾಲಿಯಾಗಿ ಎಲುಬಿನ ಹಲಗೆಗಳಷ್ಟೇ ಕೊಕ್ಕೆಯಲ್ಲಿ ಉಳಿದಿರುತ್ತವೆ. ಕಳೆದ ಮಳೆಗಾಲದ ಒಂದು ಸಂಜೆ ಅಂಗಡಿಯವರು ಹಾಗೆ ಉಳಿದ ಎರಡು ಹಲಗೆಗಳನ್ನು ಬೆಲೆ ಇಳಿಸಿ ಕೊಟ್ಟರು. ಆಡಿಗೆ ಒಂದೊಂದು ಬದಿಯಲ್ಲಿ 13 ಪಕ್ಕೆಲುಬು. ಎರಡು ಬದಿಗೆ 26. ಮೊಬೈಲಿನಲ್ಲಿ ಅಮೆರಿಕದವರು ಹೊಗೆಯಲ್ಲಿ ಪಕ್ಕೆಲುಬು ಬೇಯಿಸುವುದನ್ನು ನೋಡುವ ಚಟ ನನ್ನ ಮಗನಿಗೆ. ಅವರು ಬೇಯಿಸುವುದು ಹೆಚ್ಚಾಗಿ ಹಂದಿಯನ್ನು. ಮಾಂಸ ನಮಗೆ ನಿಷಿದ್ಧ, ವಿಧಾನವೇನೂ ನಿಷಿದ್ಧವಲ್ಲವಲ್ಲ ಎಂದು ಅವನು ವಾದಿಸಿದ. ವಾದ ಸರಿಯಾಗಿಯೇ ಇತ್ತು.

ಹಿತ್ತಲಿನ ತಗಡಿನ ಮಾಡಿನಡಿ ಮುಚ್ಚಳವಿರುವ ಕಬ್ಬಿಣದ ಡ್ರಮ್ಮೊಂದನ್ನು ಇಟ್ಟೆವು. ತಳದ ಒಂದು ಬದಿಗೆ ತೆಂಗಿನ ಗೆರಟೆಯ ಕೆಂಡ, ಅದರ ಮೇಲೆ ಒಣಗಿದ ಪೇರಳೆ ಕಟ್ಟಿಗೆಯ ಎರಡು ತುಂಡು. ಇನ್ನೊಂದು ಬದಿಯಲ್ಲಿ, ಬೆಂಕಿ ನೇರ ತಾಗದಂತೆ, ಜಾಲರಿಯ ಮೇಲೆ ಮಾಂಸ. ಮಸಾಲೆಗೆ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ ಸಾಕು. ಶಾಖ 110ರಿಂದ 120 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಎಲುಬಿನ ಸುತ್ತಲಿನ ಗಟ್ಟಿ ನಾರು ಅವಸರದ ಬೆಂಕಿಗೆ ಚರ್ಮದಂತೆ ಬಿಗಿಯುತ್ತದೆ. ನಿಧಾನದ ಶಾಖಕ್ಕೆ ಕರಗಿ ಅಂಟುರಸವಾಗುತ್ತದೆ. ಅಗ್ಗದ ಮಾಂಸ ಕೇಳುವುದು ಸಮಯವನ್ನು ಮಾತ್ರ. ಹೊಗೆ ದಟ್ಟ ಬಿಳಿಯಾಗಿದ್ದರೆ ಮಾಂಸ ಕಹಿಯಾಗುತ್ತದೆ, ಆದ್ದರಿಂದ ಗಾಳಿಯ ತೂತನ್ನು ಮುಚ್ಚಬಾರದು. ಒಂದು ಎಚ್ಚರಿಕೆ: ಇದು ಉಮ್ಮನ ಕಾಲದ ಒಣಮಾಂಸವಲ್ಲ, ಹೊರಗಿಟ್ಟರೆ ಉಳಿಯುವುದಿಲ್ಲ. ಅಂದೇ ತಿನ್ನಬೇಕು.

ನಾಲ್ಕು ಗಂಟೆ ಬೇಕಾಯಿತು. ಪಡುಗಾಳಿಗೆ ಹೊಗೆಯೆಲ್ಲ ಮೂಡಣದ ಮನೆಗಳತ್ತ ಸಾಗಿತು. ಮೊದಲನೆಯ ಮನೆಯವರು ಬೋಟಿನಲ್ಲಿ ದುಡಿಯುವ ಮೊಗವೀರರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಗಳಿಗೆ ಅವಕಾಶವಿದ್ದರೂ ಕಡಲು ಬಿಡಬೇಕಲ್ಲ. ವರ್ಷವಿಡೀ ನಮಗೆ ಮೀನು ಕೊಟ್ಟ ಮನೆಯಲ್ಲಿ ಆ ಎರಡು ತಿಂಗಳು ಒಣಮೀನಿನ ಸಾರು. ಬೇಲಿಯಾಚೆಯಿಂದ ಅವರು ಕೇಳಿದರು, “ಎಂತ ಮಾರಾಯ್ರೆ ಪರಿಮಳ?”

ಸಾರು ಮಾಡಿದರೆ ನೀರು ಹೆಚ್ಚಿಸಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿವರ್ಯರು(ಸ) ಅಬೂದರ್‌ರಿಗೆ(ರ) ಉಪದೇಶಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸಾರಿಗೆ ನೀರು ಬೆರೆಸಬಹುದು, ಪಕ್ಕೆಲುಬಿಗೆ ಬೆರೆಸಲು ಬಾರದು. ಅದನ್ನು ಎಣಿಸಿಯೇ ಕೊಡಬೇಕು, ಕೊಟ್ಟಷ್ಟು ನಮ್ಮ ತಟ್ಟೆಯಲ್ಲಿ ಕಡಿಮೆಯಾಗುತ್ತದೆ. ಎಲುಬನ್ನು ಕೊಡುವುದು ಹೇಗೆಂಬ ಸಂಕೋಚವೂ ಬರುತ್ತದೆ. ಆ ಸಂಕೋಚಕ್ಕೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಉತ್ತರವಿದೆ: ಆಡಿನ ಗೊರಸಾದರೂ ಸರಿ, ನೆರೆಯಾಕೆಗೆ ಕೊಡುವುದನ್ನು ಕೀಳೆಂದು ಭಾವಿಸಬಾರದು. ನೆರೆಯವರು ನಮ್ಮ ಧರ್ಮದವರಲ್ಲದಿದ್ದರೆ? ಅಬ್ದುಲ್ಲಾ ಇಬ್ನು ಅಮ್ರ್(ರ) ಅವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮತ್ತೆಮತ್ತೆ ವಿಚಾರಿಸಿದ್ದು ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು. ಉಳುಹಿಯ್ಯತ್ ಮಾಂಸವನ್ನು ಮುಸ್ಲಿಮೇತರರಿಗೆ ಕೊಡುವ ಬಗ್ಗೆ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಉಸ್ತಾದರಲ್ಲಿ ಕೇಳಿ. ಅಂಗಡಿಯಿಂದ ಕೊಂಡ ಪಕ್ಕೆಲುಬಿಗೆ ಆ ಚರ್ಚೆಯೇ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಫ್ರೀಜರ್. ಒಂದು ವರ್ಷ ಮದೀನಾಕ್ಕೆ ಹಸಿದ ಹಳ್ಳಿಗರು ಬಂದಾಗ, ಬಲಿಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಪ್ರವಾದಿವರ್ಯರು(ಸ) ತಡೆದರು. ಅನಂತರ, ಆ ತಡೆ ಬಂದವರಿಗಾಗಿಯೇ ಇತ್ತು, ಇನ್ನು ತಿನ್ನಿ, ಕೊಡಿ, ಕೂಡಿಡಿ ಎಂದು ಅನುಮತಿಸಿದರೆಂದು ಹಝ್ರತ್ ಆಯಿಷಾ(ರ) ವರದಿ ಮಾಡಿದ್ದಾರೆ. ಕೂಡಿಡುವ ಅನುಮತಿ ನಮಗೆ ಚೆನ್ನಾಗಿ ನೆನಪಿದೆ, ಅದಕ್ಕೂ ಮೊದಲಿನ ತಡೆಯ ಕಾರಣ ನೆನಪಿಲ್ಲ. ಬಕ್ರೀದ್ 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7ಕ್ಕೆ ಬಂತು. ಮೂರೂ ವರ್ಷ ಬೋಟುಗಳು ದಡದಲ್ಲಿದ್ದ ದಿನಗಳಲ್ಲೇ. ಮೀನು ಹಿಡಿಯುವ ಮುಸ್ಲಿಮ್ ಕುಟುಂಬಗಳೂ ಈ ಕರಾವಳಿಯಲ್ಲಿವೆ. ತೊಡೆಯ ಮಾಂಸ ನಮ್ಮ ಫ್ರೀಜರಿಗೆ, ಎಲುಬು ಬಾಗಿಲಿಗೆ ಬಂದವರಿಗೆ ಎಂಬ ಪಾಲು ಎಷ್ಟು ಮನೆಗಳಲ್ಲಿ ನಡೆಯುತ್ತದೆಂದು ನಮಗೆಲ್ಲರಿಗೂ ಗೊತ್ತು. ಉಮ್ಮನ ಪಾಲು ಇದರ ತಿರುವುಮುರುವಾಗಿತ್ತು.

26ರಲ್ಲಿ ಹತ್ತು ಆ ಮನೆಗೆ, ಆರು ಅದರಾಚೆಯ ಮನೆಗೆ ಹೋದವು. ಐದು ಜನರ ನಮ್ಮ ಮನೆಗೆ ಉಳಿದದ್ದು ಹತ್ತು, ತಲೆಗೆ ಎರಡು. ಮಗ ಮುಖ ಸಣ್ಣದು ಮಾಡಿದನಾದರೂ ಪಾತ್ರೆ ಹೊತ್ತುಕೊಂಡು ಹೋದವನು ಅವನೇ. ಮರುದಿನ ಪಾತ್ರೆ ಒಣಸಿಗಡಿ ಚಟ್ನಿಯೊಂದಿಗೆ ಹಿಂತಿರುಗಿತು. ಜೊತೆಗೆ ಆ ಮನೆಯ ಅಕ್ಕ ಹೇಳಿ ಕಳುಹಿಸಿದ್ದರು: ಮುಂದಿನ ಸಲ ಖಾರ ಸ್ವಲ್ಪ ಜಾಸ್ತಿಯಾಗಲಿ.