ತಾಯಿಯೊಡನೆ ದೆಹಲಿಯಲ್ಲಿ

ದೆಹಲಿಗೆ ಹೊರಟವರಿಗೆ ಹಿತೈಷಿಗಳು ಮೊದಲು ಹೇಳುವುದು ಜೇಬುಗಳ್ಳರ ವಿಷಯ. ಬಳಿಕ ಆಟೋದವರ ವಿಷಯ. ಋತುವಿನ ಮಾತನ್ನು ಬಹಳ ಮಂದಿ ಎತ್ತುವುದೇ ಇಲ್ಲ. ಜನವರಿಯಲ್ಲಿ ಮಂಜು ಮುಸುಕಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮೇ, ಜೂನ್ ತಿಂಗಳುಗಳಲ್ಲಿ ಬೀಸುವ ‘ಲೂ’ ಎಂಬ ಬಿಸಿಗಾಳಿಯನ್ನು ಬೆಂಗಳೂರಿನ ಹವೆಗೆ ಒಗ್ಗಿದ ಮೈ ತಾಳಲಾರದು. ದೀಪಾವಳಿಯ ಆಸುಪಾಸಿನಲ್ಲಿ ಹೊಗೆ ಕವಿದು ಕಣ್ಣುರಿಯುತ್ತದೆ. ವಯಸ್ಸಾದವರನ್ನು ಕರೆದೊಯ್ಯುವುದಾದರೆ ಫೆಬ್ರುವರಿಯ ನಡುವಿನಿಂದ ಒಂದು ತಿಂಗಳು ಮೇಲು. ಅರವತ್ತೆಂಟು ವರ್ಷದ ನನ್ನ ತಾಯಿಯವರನ್ನು ನಾನು ಕರೆದೊಯ್ದದ್ದು ಆಗಲೇ.

ದೆಹಲಿಗೆ ರೈಲು ನಿಲ್ದಾಣ ಒಂದಲ್ಲ. ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ಸೇರುವುದು ಹೊಸದೆಹಲಿಯನ್ನು. ರಾಜಧಾನಿ ಎಕ್ಸ್‌ಪ್ರೆಸ್ ಸೇರುವುದು ನಿಜಾಮುದ್ದೀನನ್ನು. ಮರಳುವ ಟಿಕೆಟಿನಲ್ಲಿ ಯಾವ ಹೆಸರಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಿರಿ.

ಮೊದಲ ದಿನವೇ ಕೆಂಪುಕೋಟೆಯ ಮುಚ್ಚಿದ ಬಾಗಿಲನ್ನು ಕಂಡು ಮರಳಿದೆವು. 1639ರಲ್ಲಿ ಷಹಜಹಾನನು ಅದನ್ನು ಕಟ್ಟಿಸತೊಡಗಿದನೆಂದು ಬಲ್ಲ ಈ ಮೇಷ್ಟರಿಗೆ, ಸೋಮವಾರ ಅದಕ್ಕೆ ರಜೆಯೆಂಬುದು ತಿಳಿದಿರಲಿಲ್ಲ!

ಮರುದಿನ ಮತ್ತೆ ಹೊರಟೆವು. ನೆಲದಡಿಯ ರಾಜೀವ್ ಚೌಕ್ ಮೆಟ್ರೋ ನಿಲ್ದಾಣದಲ್ಲಿ ಎರಡು ಮಾರ್ಗಗಳು ಕೂಡುತ್ತವೆ. ಬೆಳಗಿನ ಹೊತ್ತು ಅಲ್ಲಿ ಜಾತ್ರೆಯ ಜನ. ರೈಲು ಸಾಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮೀಸಲು. ಅನುಕೂಲವೆಂದು ತಾಯಿಯವರನ್ನು ಅದಕ್ಕೆ ಹತ್ತಿಸಿ ನಾನು ಪಕ್ಕದ ಬೋಗಿಗೆ ಓಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಅವರಿಗೆ ಹಿಂದಿ ಬಾರದು; ಅವರ ಫೋನು ನನ್ನ ಚೀಲದಲ್ಲಿ. ಮುಂದಿನ ರೈಲು ಬರಲು ಹಿಡಿದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಮನೆಯಲ್ಲಿ ತಮ್ಮನಿಗೆ ಏನು ಹೇಳಲೆಂಬವರೆಗೂ ನನ್ನ ಯೋಚನೆ ಹೋಗಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿದು ನೋಡುತ್ತೇನೆ, ಕಂಬವೊಂದಕ್ಕೆ ಒರಗಿ ನಿಂತಿದ್ದಾರೆ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು. ಇಬ್ಬರಿಗೂ ಕೈಸನ್ನೆಯಲ್ಲಿ ಸಂಭಾಷಣೆ ನಡೆದಿದೆ.

“ಗಾಬರಿ ಯಾಕೋ? ನಾನು ಇಲ್ಲಿ ಇಳಿದು ನಿಂತರೆ ನೀನು ಬಾರದೆ ಎಲ್ಲಿಗೆ ಹೋಗುತ್ತೀಯೆ?” ಎಂದರು.

ಆದ್ದರಿಂದ ಮನೆಮಂದಿಯೆಲ್ಲ ಈ ಒಪ್ಪಂದವನ್ನು ಹೊರಡುವ ಮುನ್ನವೇ ಮಾಡಿಕೊಳ್ಳಿರಿ: ಮುಂದೆ ಹೋದವರು ಮರುನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುವುದು, ಹಿಂದುಳಿದವರು ಅಲ್ಲಿಗೆ ಬರುವುದು. ಇಳಿದುಕೊಂಡಿರುವ ಬಿಡಾರದ ವಿಳಾಸವನ್ನು ಹಿಂದಿಯಲ್ಲಿ ಬರೆದ ಚೀಟಿಯೊಂದು ಪ್ರತಿಯೊಬ್ಬರಲ್ಲಿಯೂ ಇರಲಿ. ಫೋನು ಅವರವರ ಕೈಯಲ್ಲೇ ಇರಲಿ.

ಕೋಟೆಯೊಳಗೆ ಯಮುನೆಯ ನೀರು ಅರಮನೆಗಳ ನಡುವೆ ಹರಿಯುತ್ತಿದ್ದ ಅಮೃತಶಿಲೆಯ ಕಾಲುವೆಯಿದೆ. ‘ಸ್ವರ್ಗದ ಹೊಳೆ’ ಎಂದು ಅದರ ಹೆಸರು. ಅದರ ಬಳಿ ತಾಯಿಯವರು ಬಹಳ ಹೊತ್ತು ನಿಂತರು.

“ಇಷ್ಟು ಚೆಂದ ಮಾಡಿ ಒಂದು ತೊಟ್ಟು ನೀರಿಲ್ಲವಲ್ಲೋ,” ಎಂದರು. ಆ ಬಳಿಕ ನನ್ನ ಚೀಲದಿಂದ ತಮ್ಮ ಫೋನನ್ನು ಕೇಳಿ ತೆಗೆದುಕೊಂಡರು.